ಹಿಟ್ಟು ಮೆತ್ತಿದ ಠರಾವು ಬುಕ್ಕು

ನಮ್ಮ ಖಾಲಾ, ಅಂದರೆ ಅಮ್ಮನ ತಂಗಿ, ಗ್ರಾಮ ಪಂಚಾಯ್ತಿ ಮೆಂಬರ್ ಆಗಿದ್ದು 2020ರ ಡಿಸೆಂಬರ್‌ನಲ್ಲಿ. ವಿಜಯಪುರದಿಂದ ಬಸ್ಸಿನಲ್ಲಿ ಒಂದು ತಾಸಿನ ಹಳ್ಳಿ. ನಿಲ್ಲಬೇಕು ಅಂತ ಓಡಾಡುತ್ತಿದ್ದವರು ಖಾಲೂ, ಅಂದರೆ ಖಾಲಾನ ಗಂಡ. ವಾರ್ಡು ಮಹಿಳೆಗೆ ಮೀಸಲಾಯಿತು, ಖಾಲಾ ಹೆಸರು ಕೊಟ್ಟರು. ಚಿಹ್ನೆ ಹೊಲಿಗೆ ಮಷೀನು. ಗೆದ್ದ ದಿನ ಗುಲಾಲ್ ಬಿದ್ದಿದ್ದು ಮಾತ್ರ ಪೂರ್ತಿ ಖಾಲೂ ಮೈಮೇಲೆ.

ಮುಂದಿನ ವರ್ಷ ನಾನು ಊರಿಗೆ ಹೋದಾಗ ಖಾಲಾ ಒಲೆ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದರು. ಮೀಟಿಂಗ್‌ಗೆ ಹೋಗುತ್ತಿದ್ದವರು ಖಾಲೂ. ಅವರು ಬಂದು ಠರಾವು ಬುಕ್ಕು, ಅಂದರೆ ಪಂಚಾಯ್ತಿ ತೀರ್ಮಾನ ಬರೆಯುವ ಪುಸ್ತಕ, ಬಿಚ್ಚಿ ಹಿಡಿದರು. ಖಾಲಾ ಸೆರಗಿಗೆ ಕೈ ಒರೆಸಿಕೊಂಡ ಹಾಗೆ ಮಾಡಿ, ಬಲಗೈಯಲ್ಲಿ ಪೆನ್ನು ಹಿಡಿದು ಸಹಿ ಹಾಕಿದರು. ಸಹಿ ಪಕ್ಕದಲ್ಲಿ ಜೋಳದ ಹಿಟ್ಟಿನ ಹೆಬ್ಬೆರಳು ಗುರುತು. ಖಾಲೂ ಫೂ ಅಂತ ಊದಿದರು, ಬುಕ್ಕು ಮುಚ್ಚಿದರು. ಹಿಂದಿನ ಹಾಳೆಗಳಲ್ಲೂ ಅಲ್ಲಲ್ಲಿ ಬಿಳಿ ಕಲೆ ಇತ್ತು.

"ಏನ್ ಬರ್ದಾರ ಅಂತ ಓದಲ್ವಾ ಖಾಲಾ?" ಅಂದೆ. "ರೊಟ್ಟಿ ಸೀದು ಹೋಗ್ತದ" ಅಂದರು.

ನನಗೆ ಸಿಟ್ಟು ಬಂದಿದ್ದು ಅದಕ್ಕಲ್ಲ. ಓಣಿಯ ಹಿರಿಯರೊಬ್ಬರು ಇದಕ್ಕೆ ಧರ್ಮದ ಮುದ್ರೆ ಒತ್ತಿದ್ದಕ್ಕೆ. ಹೆಣ್ಣಿಗೆ ಆಡಳಿತ ಒಪ್ಪಿಸಿದ ಜನ ಉದ್ಧಾರ ಆಗೋದಿಲ್ಲ ಅಂತ ಹದೀಸ್, ಅಂದರೆ ಪ್ರವಾದಿಯವರ ಮಾತು, ಇದೆ, ಹಾಗಾಗಿ ಮೀಟಿಂಗ್‌ಗೆ ಗಂಡ ಹೋಗೋದೇ ಸರಿ, ಅಂತ ಅವರ ವಾದ. ಹದೀಸ್ ಇರೋದು ನಿಜ, ಬುಖಾರಿ ಅನ್ನೋ ಹದೀಸ್ ಸಂಗ್ರಹದಲ್ಲೇ ಇದೆ. ಪರ್ಷಿಯಾದವರು ತಮ್ಮ ದೊರೆ ಕಿಸ್ರಾನ ಮಗಳನ್ನು ಪಟ್ಟಕ್ಕೆ ಕೂರಿಸಿದ ಸುದ್ದಿ ಬಂದಾಗ ಪ್ರವಾದಿ(ಸ)ಯವರು ಆಡಿದ ಮಾತು. ಅದು ಆ ಪ್ರಸಂಗಕ್ಕೆ ಮಾತ್ರವಾ, ಎಲ್ಲ ಕಾಲಕ್ಕೂವಾ ಅನ್ನೋದರಲ್ಲಿ ವಿದ್ವಾಂಸರಲ್ಲೇ ಒಮ್ಮತ ಇಲ್ಲ. ಆದರೆ ಸೀಟು ಮೀಸಲಾದಾಗ ಹೆಂಡತಿ ಹೆಸರಲ್ಲಿ ಅರ್ಜಿ ಹಾಕುವಾಗ ಈ ಹದೀಸ್ ಯಾರಿಗೂ ನೆನಪಾಗಲಿಲ್ಲ, ಅಲ್ವಾ?

2022ರ ರಂಜಾನ್‌ಗೆ ಮತ್ತೆ ಹೋಗಿದ್ದೆ. ಖಾಲಾ ಪ್ರತಿ ವರ್ಷ ಕುರ್‌ಆನ್ ಪೂರ್ತಿ ಓದಿ ಮುಗಿಸುತ್ತಾರೆ. ಅರಬಿ ಓದಲು ಬರುತ್ತದೆ, ಅರ್ಥ ಗೊತ್ತಾಗೋದಿಲ್ಲ, ನಮ್ಮಲ್ಲಿ ಬಹಳ ಹೆಂಗಸರ ಹಾಗೆ. ಅವತ್ತು ಕುರ್‌ಆನಿನ ಮೂವತ್ತು ಭಾಗಗಳಲ್ಲಿ ಹತ್ತೊಂಬತ್ತನೇ ಪಾರಾ, ಸೂರಾ (ಅಧ್ಯಾಯ) ನಮ್ಲ್. ನಮ್ಲ್ ಅಂದರೆ ಇರುವೆ. ನಾನು ಕನ್ನಡ ಅನುವಾದ ಇಟ್ಟುಕೊಂಡು ಪಕ್ಕದಲ್ಲಿ ಕೂತೆ. ಹುದ್‌ಹುದ್ ಹಕ್ಕಿ, ಅಂದರೆ ನಮ್ಮ ಚಂದ್ರಮುಕುಟ, ಪ್ರವಾದಿಯೂ ರಾಜರೂ ಆದ ಸುಲೈಮಾನರಿಗೆ ಸಬಾ ರಾಜ್ಯದ ಸುದ್ದಿ ತರುತ್ತದೆ. ಅಲ್ಲಿ ಒಬ್ಬ ಹೆಣ್ಣು ಆಳುತ್ತಿದ್ದಾಳೆ, ದೊಡ್ಡ ಸಿಂಹಾಸನ ಇದೆ ಅಂತ. ನಾವೆಲ್ಲ ಬಿಲ್ಕೀಸ್ ಅಂತೀವಲ್ಲ, ಆಕೆ. ಸುಲೈಮಾನರ ಪತ್ರ ಕೈಗೆ ಬಂದ ಕೂಡಲೇ ಆಕೆ ಮುಖಂಡರನ್ನು ಕರೆಸಿ, ಸಲಹೆ ಕೊಡಿ, ನೀವು ಹಾಜರಿಲ್ಲದೆ ನಾನು ಯಾವ ತೀರ್ಮಾನವನ್ನೂ ಮಾಡುವವಳಲ್ಲ ಅನ್ನುತ್ತಾಳೆ.

ಖಾಲಾ ಕನ್ನಡಕ ತೆಗೆದರು. "ಈಕಿ ಮೀಟಿಂಗ್ ಕರ್ದಾಳ!"

ನಕ್ಕೂ ನಕ್ಕೂ ಸಾಕಾಯಿತು. ಮುಂದೆ ಓದಿದೆ. ಮುಖಂಡರು, ನಮಗೆ ಬಲ ಇದೆ, ಹುಕುಂ ನಿಮ್ಮದು ಅನ್ನುತ್ತಾರೆ. ಆಕೆ ಯುದ್ಧ ಬೇಡ ಅನ್ನುತ್ತಾಳೆ. ರಾಜರು ಊರಿಗೆ ನುಗ್ಗಿದರೆ ಊರು ಹಾಳು ಮಾಡುತ್ತಾರೆ, ಮಾನವಂತರ ಮಾನ ಕಳೆಯುತ್ತಾರೆ ಅಂತ. ಆಕೆಯ ಜನ ಸೂರ್ಯನನ್ನು ಪೂಜಿಸುತ್ತಿದ್ದುದನ್ನು ಕುರ್‌ಆನ್ ತಪ್ಪು ಅನ್ನುತ್ತದೆ. ಹೆಣ್ಣಾಗಿ ಆಳಿದ್ದನ್ನು ತಪ್ಪು ಅಂದಿಲ್ಲ. ಖಾಲಾ ಆ ಜಾಗ ಎರಡು ಸಲ ಓದಿಸಿದರು. ಐವತ್ತು ವರ್ಷದಿಂದ ಓದುತ್ತಿದ್ದೀನಿ, ಇದು ಇಲ್ಲೇ ಇತ್ತಲ್ಲ, ಅಂದರು.

ರಂಜಾನ್ ಮುಗಿದ ಮೇಲಿನ ಮೀಟಿಂಗ್‌ಗೆ ಬುರ್ಖಾ ಹಾಕಿಕೊಂಡು ಒಬ್ಬರೇ ಹೋದರಂತೆ. "ಯಜಮಾನ್ರು ಬರ್ಲಿಲ್ಲೇನ್ರೀ?" ಅಂತ ಯಾರೋ ಕೇಳಿದರು. "ಆರಿಸಿ ಬಂದಾಕಿ ನಾನಲ್ರಿ" ಅಂದರಂತೆ. ಅವರ ವಾರ್ಡಿನ ಬೋರ್‌ನ ಮೋಟರ್ ಸುಟ್ಟು ಮೂರು ವಾರ ಆಗಿತ್ತು. ಖಾಲೂ ಅದನ್ನು ಒಮ್ಮೆಯೂ ಎತ್ತಿರಲಿಲ್ಲ. ನೀರು ಹೊರೋರು ಅವರಲ್ಲವಲ್ಲ.

ಬೋರ್ ಅಂದಾಗ ಒಂದು ಮಾತು. ಕರ್ನಾಟಕದಲ್ಲಿ ಪಂಚಾಯ್ತಿಯೊಳಗೆ ಹೆಂಗಸರಿಗೆ ನೂರಕ್ಕೆ 25 ಸೀಟು ಕೊಟ್ಟ 1983ರ ಕಾಯ್ದೆ ತಂದವರು ಆಗಿನ ಪಂಚಾಯತ್ ರಾಜ್ ಮಂತ್ರಿ ಅಬ್ದುಲ್ ನಜೀರ್ ಸಾಬ್. ಹಳ್ಳಿಹಳ್ಳಿಗೆ ಬೋರ್ ಹಾಕಿಸಿ ನೀರ್ ಸಾಬ್ ಅನ್ನಿಸಿಕೊಂಡವರು. 1987ರಲ್ಲೇ ಆ ಲೆಕ್ಕದಲ್ಲಿ ಚುನಾವಣೆ ನಡೆಯಿತು. ದೇಶಕ್ಕೆಲ್ಲ ಅನ್ವಯಿಸುವ ಸಂವಿಧಾನ ತಿದ್ದುಪಡಿ ಜಾರಿಯಾಗಿದ್ದು 1993ರಲ್ಲಿ. ಈಗ ನಮ್ಮ ರಾಜ್ಯದ ಪಂಚಾಯ್ತಿಗಳಲ್ಲಿ ಅರ್ಧ ಸೀಟು ಹೆಂಗಸರದ್ದು. ಆ ಹಿರಿಯರಿಗೆ ಇದನ್ನೂ ಹೇಳಬೇಕು ಅಂದುಕೊಂಡಿದ್ದೆ, ಸುಮ್ನೆ ಯಾಕೆ ಅಂತ ಬಿಟ್ಟೆ.

ಮೋಟರ್ ರಿಪೇರಿಗೆ ಇನ್ನೂ ಹತ್ತು ದಿನ ಹಿಡಿಯಿತು. ಖಾಲಾ ದಿನಾ ವಾಟರ್‌ಮನ್‌ಗೆ ಫೋನ್ ಹಚ್ಚುತ್ತಿದ್ದರು. ಠರಾವು ಬುಕ್ಕು ಮತ್ತೆ ಮನೆಗೆ ಬಂದಿಲ್ಲ. ಮೀಟಿಂಗ್ ಇದ್ದ ದಿನ ಖಾಲೂ ಖಾನಾವಳಿಯಿಂದ ಕಡಕ್ ರೊಟ್ಟಿ ತರುತ್ತಾರೆ, ನಿನ್ನ ಕೈ ರೊಟ್ಟಿಯಷ್ಟು ಚಲೋ ಇಲ್ಲ ಅಂತ ಗೊಣಗುತ್ತಾ ಎರಡು ಜಾಸ್ತಿನೇ ತಿನ್ನುತ್ತಾರೆ.