600 ಕಿಲೋದೊಳಗೆ ಎರಡು ಸೀಟಿನ ವಿಮಾನ

ಎರಡು ಸೀಟಿನ ಹಗುರ ವಿಮಾನ ಮಾಡಲು ಹೊರಟವರು ಮೊದಲು ಚಿತ್ರ ಬರೆಯುತ್ತಾರೆ. ಮೊದಲು ಬರೆಯಬೇಕಾದದ್ದು ತೂಕದ ಪಟ್ಟಿ. ಅಮೆರಿಕದ ವಿಮಾನಯಾನ ನಿಯಂತ್ರಕ ಎಫ್‌ಎಎ 2004ರಲ್ಲಿ ತಂದ ಲೈಟ್ ಸ್ಪೋರ್ಟ್ ನಿಯಮದಲ್ಲಿ ನೆಲದಿಂದ ಏರುವ ವಿಮಾನದ ಗರಿಷ್ಠ ತೂಕ 600 ಕೆ.ಜಿ., ಫ್ಲ್ಯಾಪ್ (ಎತ್ತುಬಲ ಹೆಚ್ಚಿಸಲು ರೆಕ್ಕೆಯ ಹಿಂಬದಿಯಲ್ಲಿ ಇಳಿಸುವ ಪಟ್ಟಿ) ಇಳಿಸದೆ ಸ್ಟಾಲ್ ವೇಗ, ಅಂದರೆ ರೆಕ್ಕೆ ವಿಮಾನವನ್ನು ಎತ್ತಿಹಿಡಿಯಬಲ್ಲ ಕನಿಷ್ಠ ವೇಗ, ಹೆಚ್ಚೆಂದರೆ 45 ನಾಟ್, ಸಮತಲ ಹಾರಾಟದ ವೇಗ ಹೆಚ್ಚೆಂದರೆ 120 ನಾಟ್. 2025ರಲ್ಲಿ ಅಲ್ಲಿ ಈ ತೂಕದ ಮಿತಿಯನ್ನೇ ಕೈಬಿಟ್ಟರು. ಆದರೂ 100 ಕುದುರೆಶಕ್ತಿಯ ಎಂಜಿನ್ ಇಟ್ಟುಕೊಂಡು ವಿನ್ಯಾಸ ಮಾಡುವವರಿಗೆ 600 ಈಗಲೂ ಒಳ್ಳೆಯ ಲಗಾಮು. ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್‌ನ ಎರಡು ಸೀಟಿನ ಹಂಸ-3 750 ಕೆ.ಜಿ.ಯದು, ಅದರ ಲೆಕ್ಕವೇ ಬೇರೆ.

86 ಕೆ.ಜಿ.ಯ ಇಬ್ಬರಿಗೆ 172. ಪೆಟ್ರೋಲ್ 70 ಲೀಟರ್, ಅಂದರೆ ಸುಮಾರು 50 ಕೆ.ಜಿ. ಬ್ಯಾಗಿಗೆ 10. ಉಳಿಯುವುದು 368. ಖಾಲಿ ವಿಮಾನ ಅದರೊಳಗೇ ಮುಗಿಯಬೇಕು. ರೋಟ್ಯಾಕ್ಸ್ 912 ಯುಎಲ್‌ಎಸ್ ಎಂಜಿನ್ನು ಎಕ್ಸಾಸ್ಟ್, ರೇಡಿಯೇಟರ್, ಎಣ್ಣೆ, ಮೌಂಟ್ ಸೇರಿ ಹತ್ತಿರಹತ್ತಿರ 80 ಕೆ.ಜಿ. ನುಂಗುತ್ತದೆ. ಎಂಜಿನ್ನಿನ ತೂಕವನ್ನು ಯಾರೂ ಮರೆಯುವುದಿಲ್ಲ. ಲೆಕ್ಕ ತಪ್ಪುವುದು ಬಣ್ಣದಲ್ಲಿ. ಹೊರಮೈ 50 ಚದರ ಮೀಟರ್ ಇದ್ದು, ಪುಟ್ಟಿ, ಪ್ರೈಮರ್, ಬಣ್ಣ ಸೇರಿ ಚದರ ಮೀಟರಿಗೆ 200 ಗ್ರಾಂ ಹಿಡಿದರೂ 10 ಕೆ.ಜಿ. ಆಯಿತು. ಬ್ಯಾಗಿಗೆ ಇಟ್ಟ ತೂಕ ಅಲ್ಲಿಗೆ ಮುಗಿಯಿತು.

ರೆಕ್ಕೆ ಎಷ್ಟು ದೊಡ್ಡದಿರಬೇಕು ಎಂಬುದನ್ನು ಸ್ಟಾಲ್ ವೇಗವೇ ಹೇಳಿಬಿಡುತ್ತದೆ. 45 ನಾಟ್ ಅಂದರೆ ಸೆಕೆಂಡಿಗೆ 23.15 ಮೀಟರ್. ಸಮುದ್ರಮಟ್ಟದ ಗಾಳಿಯಲ್ಲಿ ಆ ವೇಗದ ಒತ್ತಡ ಚದರ ಮೀಟರಿಗೆ 328 ನ್ಯೂಟನ್. ಫ್ಲ್ಯಾಪ್ ಇಳಿಸದ ರೆಕ್ಕೆಗೆ ಲಿಫ್ಟ್ ಗುಣಾಂಕ (ಆ ಒತ್ತಡದ ಎಷ್ಟು ಪಟ್ಟು ಎತ್ತುಬಲ ಸಿಗುತ್ತದೆಂಬ ಅಂಕಿ) 1.4 ಹಿಡಿದರೆ 12.8 ಚದರ ಮೀಟರ್ ಬೇಕು, 1.5 ಹಿಡಿದರೆ 12. ಏರ್‌ಫಾಯಿಲ್ (ರೆಕ್ಕೆಯ ಅಡ್ಡಕೊಯ್ತದ ಆಕಾರ) ಪುಸ್ತಕದಲ್ಲಿ 1.6 ಇದೆಯೆಂದು 11ಕ್ಕೆ ಇಳಿಸುವವರಿದ್ದಾರೆ. ಅದು ಆ ಆಕಾರದ್ದಷ್ಟೇ ಅಂಕಿ. ತುದಿಯಲ್ಲಿ ಸೋರುವ ಲಿಫ್ಟನ್ನೂ ಫ್ಯೂಸಲೇಜ್ (ವಿಮಾನದ ಒಡಲು) ತಿನ್ನುವ ಭಾಗವನ್ನೂ ಕಳೆದರೆ ಪೂರ್ತಿ ರೆಕ್ಕೆಗೆ ಅಷ್ಟು ದಕ್ಕುವುದಿಲ್ಲ.

ಬೆಂಗಳೂರಿನ ಜಕ್ಕೂರು ವಿಮಾನನೆಲೆಯಿಂದ ಹಾರಿಸುವುದಾದರೆ ಇನ್ನೊಂದು ಲೆಕ್ಕವಿದೆ. ಅಲ್ಲಿಯ ಎತ್ತರ ಸುಮಾರು 3,000 ಅಡಿ. 30 ಡಿಗ್ರಿ ಬಿಸಿಲಿನ ದಿನ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಶೇ. 85ಕ್ಕೆ ಇಳಿದು, ವಿಮಾನ 5,500 ಅಡಿ ಎತ್ತರದಲ್ಲಿ ಇದ್ದಂತೆ ವರ್ತಿಸುತ್ತದೆ. ವೇಗದ ಮೀಟರಿನಲ್ಲಿ ಅದೇ 45 ಕಂಡರೂ ನೆಲದ ಮೇಲಿನ ವೇಗ ಶೇ. 8 ಹೆಚ್ಚು. ಆ ಕಾರಣಕ್ಕೇ ಓಟ ಶೇ. 17 ಉದ್ದವಾಗುತ್ತದೆ, ಟರ್ಬೊ ಇಲ್ಲದ ಎಂಜಿನ್ ಕಳೆದುಕೊಳ್ಳುವ ಶಕ್ತಿ ಅದರ ಮೇಲೆ.

ವಿಮಾನ ಕಂಪೋಸಿಟ್‌ನದು (ರೆಸಿನ್ ಅಂಟಿನಲ್ಲಿ ನೆನೆಸಿದ ಗ್ಲಾಸ್ ಬಟ್ಟೆಯದು) ಆದರೆ ತೂಕ ಗೆಲ್ಲುವುದೂ ಸೋಲುವುದೂ ರೆಸಿನ್ ಬಟ್ಟಲಿನಲ್ಲೇ. ಚದರ ಮೀಟರಿಗೆ 200 ಗ್ರಾಂನ ಗ್ಲಾಸ್ ಬಟ್ಟೆಯನ್ನು ಕೈಯಲ್ಲಿ ಹಚ್ಚಿದರೆ ಅಷ್ಟೇ ರೆಸಿನ್ ಕುಡಿಯುತ್ತದೆ: 400 ಗ್ರಾಂ. ಪೀಲ್ ಪ್ಲೈ (ಆಮೇಲೆ ಕಿತ್ತೆಸೆಯುವ ಬಟ್ಟೆ), ಬ್ಲೀಡರ್ (ಹೆಚ್ಚಿನ ರೆಸಿನ್ ಹೀರುವ ಹಾಸು) ಹಾಸಿ ವ್ಯಾಕ್ಯೂಮ್ ಬ್ಯಾಗಿನಲ್ಲಿ ಎಳೆದು ರೆಸಿನ್ ಪಾಲನ್ನು ಶೇ. 35ಕ್ಕೆ ತಂದರೆ 308. ಒಂದು ಪದರಕ್ಕೆ 92 ಗ್ರಾಂ ಏನು ಮಹಾ ಎನ್ನಬೇಡಿ. 50 ಚದರ ಮೀಟರಿಗೆ ನಾಲ್ಕು ಪದರವಾದರೆ 18 ಕೆ.ಜಿ. ರೆಸಿನ್ನನ್ನು ಗಟ್ಟಿಯಾಗಿಸುವ ಹಾರ್ಡನರನ್ನು ಕಣ್ಣಳತೆಯಲ್ಲಿ ಸುರಿಯಬಾರದು, ಗ್ರಾಂ ತಕ್ಕಡಿಯಲ್ಲೇ ತೂಗಬೇಕು. ಒಂದೇ ಬಟ್ಟಲಿನಲ್ಲಿ ಅರ್ಧ ಕಿಲೋ ಕಲಸಿಟ್ಟರೆ ತನ್ನ ಬಿಸಿಗೆ ತಾನೇ ಹೊಗೆಯಾಡಿ ಗಟ್ಟಿಯಾಗುತ್ತದೆ. ಸಣ್ಣ ಪಾಲುಗಳಲ್ಲಿ ಕಲಸಿ ಅಗಲ ತಟ್ಟೆಗೆ ಸುರಿಯಿರಿ. ಮಳೆಗಾಲದಲ್ಲಿ ಗಟ್ಟಿಯಾದ ಮೈ ಮೇಲೆ ಮೇಣದಂಥ ಪೊರೆ ಕೂತರೆ ನೀರಿನಿಂದ ತೊಳೆದು, ಒಣಗಿಸಿ, ಉಜ್ಜಿದ ಮೇಲೆಯೇ ಮುಂದಿನ ಪದರ. ಇಲ್ಲದಿದ್ದರೆ ಆ ಪದರ ಹಿಡಿಯುವುದಿಲ್ಲ. ಬಣ್ಣ ಬಿಳಿಯೇ ಇರಲಿ: ಗಾಢ ಬಣ್ಣ ಬಿಸಿಲಿಗೆ ಕಾದು ಎಪಾಕ್ಸಿ ರೆಸಿನ್ನನ್ನು ಮೆತ್ತಗೆ ಮಾಡುತ್ತದೆ.

ಬಾಲದ ತೂಕಕ್ಕೆ ಬಡ್ಡಿ ಕಟ್ಟಬೇಕು. ಗುರುತ್ವಕೇಂದ್ರದಿಂದ 4 ಮೀಟರ್ ಹಿಂದೆ ಕೂತ ಒಂದು ಕಿಲೋವನ್ನು ಸರಿದೂಗಿಸಲು 1.3 ಮೀಟರ್ ಮುಂದಿರುವ ಎಂಜಿನ್ ಹತ್ತಿರ ಮೂರು ಕಿಲೋ ಬೇಕು. ಬಣ್ಣ ಇಲ್ಲೂ ಕಾಡುತ್ತದೆ. ಏಲೆರಾನ್, ಎಲಿವೇಟರುಗಳ (ರೆಕ್ಕೆಯ ಮತ್ತು ಬಾಲದ ಆಡುವ ಫಲಕಗಳು) ಸಮತೋಲವನ್ನು ಬಣ್ಣ ಹಚ್ಚುವ ಮೊದಲು ನೋಡಿ ಬಿಟ್ಟರೆ, ಕೀಲಿನ ಹಿಂದೆ ಸೇರಿದ ಗ್ರಾಂಗಳು ಫ್ಲಟರ್‌ಗೆ, ಅಂದರೆ ವೇಗದಲ್ಲಿ ತಾನಾಗಿ ಬೆಳೆದು ಮುರಿಯುವ ಕಂಪನಕ್ಕೆ, ದಾರಿ ಮಾಡುತ್ತವೆ. ಝೊಡಿಯಾಕ್ ಸಿಎಚ್ 601 ಎಕ್ಸ್‌ಎಲ್ ವಿಮಾನಗಳು ಗಾಳಿಯಲ್ಲೇ ಮುರಿದ ಪ್ರಕರಣಗಳ ಮೇಲೆ ಅಮೆರಿಕದ ಅಪಘಾತ ತನಿಖಾ ಮಂಡಳಿ ಎನ್‌ಟಿಎಸ್‌ಬಿ 2009ರಲ್ಲಿ ಹಾರಾಟ ನಿಲ್ಲಿಸಲು ಶಿಫಾರಸು ಮಾಡಿತು. ಆಮೇಲಿನ ಮಾರ್ಪಾಡಿನಲ್ಲಿ ರೆಕ್ಕೆಯನ್ನು ಬಲಪಡಿಸಿದ್ದಲ್ಲದೆ ಏಲೆರಾನ್‌ಗೆ ಸಮತೋಲದ ತೂಕವನ್ನೂ ಕೂಡಿಸಿದರು.

ಪೆಟ್ರೋಲಿನ ಬಗ್ಗೆ ಒಂದೇ ಮಾತು. 912 ಯುಎಲ್‌ಎಸ್ ಒಪ್ಪುವುದು ಶೇ. 10 ಎಥೆನಾಲ್‌ವರೆಗೆ, ನಮ್ಮ ಬಂಕುಗಳಲ್ಲಿ ಈಗ ಸಿಗುವುದು ಶೇ. 20ರದು. ಎಪಾಕ್ಸಿ ಟ್ಯಾಂಕ್ ಮಾಡುವವರು ಅದೇ ರೆಸಿನ್ನಿನ ತುಂಡೊಂದನ್ನು ಕೆಲವು ತಿಂಗಳು ಅದೇ ಪೆಟ್ರೋಲಿನಲ್ಲಿ ಮುಳುಗಿಸಿಟ್ಟು, ಉಗುರು ಊರುತ್ತದೆಯೇ ನೋಡಲಿ.

ಕೊನೆಗೆ ಮರಳು ಮೂಟೆ, ರೆಕ್ಕೆಯ ಬಲವನ್ನು ನೆಲದ ಮೇಲೇ ಪರೀಕ್ಷಿಸಲು. ಹಾರಾಟದಲ್ಲಿ ಬರಬಹುದಾದ ಮಿತಿಯ ಹೊರೆ 4 ಜಿ (ತೂಕದ ನಾಲ್ಕು ಪಟ್ಟು), ಒಂದೂವರೆ ಪಟ್ಟು ಸುರಕ್ಷೆ ಸೇರಿ 6 ಜಿ. ಎರಡೂ ರೆಕ್ಕೆ ಸೇರಿ 90 ಕೆ.ಜಿ. ಇದ್ದರೆ, 600ರಲ್ಲಿ ಉಳಿದ 510ರ ಆರು ಪಟ್ಟು 3,060. ಒಂದು ರೆಕ್ಕೆಗೆ 1,530. ಲಿಫ್ಟಿನ ದಿಕ್ಕಿಗೇ ಮೂಟೆ ಒತ್ತಲೆಂದು ರೆಕ್ಕೆಯನ್ನು ಅಂಗಾತ ಕಟ್ಟುವುದರಿಂದ ಅದರದೇ 45 ಕೆ.ಜಿ. ಕೂಡ ಹೊರೆಯ ಕಡೆಗೇ ಸೇರುತ್ತದೆ. ಅದನ್ನು ಕಳೆದರೆ 1,485, ಅಂದರೆ 25 ಕಿಲೋದ ಸುಮಾರು 60 ಮೂಟೆ. ಬುಡದಲ್ಲಿ ಒತ್ತಾಗಿ, ತುದಿಗೆ ತೆಳುವಾಗಿ, ಸ್ಪಾರಿನ (ರೆಕ್ಕೆಯ ಉದ್ದಕ್ಕೂ ಹೋಗುವ ತೊಲೆ) ಸುತ್ತ ಜೋಡಿಸಿ. ಜೋಡಿಸುವಾಗ ತುದಿಯ ಕೆಳಗೆ ಜಾಕ್ ಇರಲಿ. ಮೂಟೆ ಪೂರ್ತಿಯಾದ ಮೇಲೆ ಜಾಕ್ ಇಳಿಸಿ. ಕಂಪೋಸಿಟ್ ರೆಕ್ಕೆಯಾದರೆ ಸುತ್ತ ಡೇರೆ ಕಟ್ಟಿ 54 ಡಿಗ್ರಿಗೆ ಕಾಯಿಸಿ. 4 ಜಿ ಹೊರೆಯಲ್ಲಿ ಏಲೆರಾನ್ ಸಿಕ್ಕಿಕೊಳ್ಳದೆ ಆಡಬೇಕು, ಆ ಹೊರೆ ತೆಗೆದಾಗ ತುದಿ ಮೊದಲಿನ ಗುರುತಿಗೇ ಮರಳಬೇಕು. 6 ಜಿಯಲ್ಲಿ ಮೂರು ಸೆಕೆಂಡ್ ಮುರಿಯದೆ ನಿಂತರೆ ಸಾಕು. ಆ ರೆಕ್ಕೆಯನ್ನು ಮಾತ್ರ ಮತ್ತೆ ಯಾವ ವಿಮಾನಕ್ಕೂ ಹಾಕಬೇಡಿ.