ನಿಂತ ಕಾರಿಗೆ ಗಾಳಿ

ಎಂಜಿನ್ ಕೂತಿತ್ತು, ಗೇರ್‌ಬಾಕ್ಸ್ ಕೂತಿತ್ತು, ರೇಡಿಯೇಟರ್ ತನ್ನ ಜಾಗಕ್ಕೆ ಬಂದಿತ್ತು. ಉಳಿದದ್ದು ರೇಡಿಯೇಟರಿಗೆ ಗಾಳಿ ಕೊಡುವ ಫ್ಯಾನ್. ಸಣ್ಣ ಕೆಲಸ ಅನ್ನಿಸುತ್ತದೆ, ಅಲ್ವಾ? ನನಗೂ ನನ್ನ ಗೆಳೆಯನಿಗೂ ಆ ಶನಿವಾರ ಪೂರ್ತಿ ಅದಕ್ಕೇ ಹೋಯಿತು. ಹೋಗಬೇಕಾದದ್ದೇ, ಯಾಕೆಂದರೆ ಮನೆಯಲ್ಲೇ ಕಟ್ಟುವ ಇಂಥ ಕಾರಿನಲ್ಲಿ ಫ್ಯಾನ್ ಆರಿಸುವುದು ಅಂಗಡಿಯಲ್ಲಿ ಮುಗಿಯುವ ವಿಷಯವಲ್ಲ.

ಬಿಡಿಭಾಗ ತರಿಸಿಕೊಂಡು ಮನೆಯಲ್ಲೇ ಕಾರು ಕಟ್ಟುವ ಅಭ್ಯಾಸ ಇಂಗ್ಲೆಂಡಿನಲ್ಲಿ ಹಳೆಯದು. 1957ರಲ್ಲಿ ಲೋಟಸ್ ಕಂಪನಿಯ ಕಾಲಿನ್ ಚಾಪ್‌ಮನ್ ಲೋಟಸ್ ಸೆವೆನ್ ಎಂಬ ಪುಟ್ಟ ಸ್ಪೋರ್ಟ್ಸ್ ಕಾರು ಹೊರತಂದಾಗ ಅದನ್ನು ಕಿಟ್ ಆಗಿ, ಅಂದರೆ ಬಿಡಿಭಾಗಗಳಾಗಿ, ಕೊಂಡವರಿಗೆ ಪರ್ಚೇಸ್ ಟ್ಯಾಕ್ಸ್ (ಖರೀದಿ ತೆರಿಗೆ) ಬೀಳುತ್ತಿರಲಿಲ್ಲ. 1973ರಲ್ಲಿ ಆ ತೆರಿಗೆಯೇ ಹೋಯಿತು. ಕಟ್ಟುವವರು ಮಾತ್ರ ಈಗಲೂ ಇದ್ದಾರೆ. ಕವೆಂಟ್ರಿಯ ನನ್ನ ಗ್ಯಾರೇಜಿನಲ್ಲಿರುವುದೂ ಸೆವೆನ್ ಮಾದರಿಯದೇ. ಹಳೇ ಫೋರ್ಡ್‌ನಿಂದ ಬಿಚ್ಚಿದ 1.8 ಲೀಟರ್ ಝೆಟೆಕ್ ಎಂಜಿನ್, ಫೋಕ್ಸ್‌ವ್ಯಾಗನ್ ಪೋಲೋದ ರೇಡಿಯೇಟರ್.

ನಮ್ಮಪ್ಪನ ಅಂಬಾಸಿಡರ್‌ನಲ್ಲಿ ಫ್ಯಾನ್ ಬೆಲ್ಟಿನಿಂದ ತಿರುಗುತ್ತಿತ್ತು. ಎಂಜಿನ್ ಎಷ್ಟು ಜೋರೋ ಫ್ಯಾನೂ ಅಷ್ಟೇ ಜೋರು. ಚಾರ್ಮಾಡಿ ಘಾಟಿಯಲ್ಲಿ ಲಾರಿಗಳ ಹಿಂದೆ ತೆವಳುವಾಗ, ಗಾಳಿ ಜಾಸ್ತಿ ಬೇಕಾದ ಹೊತ್ತಿಗೇ ಫ್ಯಾನ್ ನಿಧಾನ. ಬಾನೆಟ್ ಎತ್ತಿ ನಿಲ್ಲಿಸಿ, ತಣ್ಣಗಾಗುವವರೆಗೆ ಕಾಯುತ್ತಿದ್ದೆವು. ಸೆವೆನ್‌ನಲ್ಲಿ ಬೆಲ್ಟಿನ ಮಾತೇ ಇಲ್ಲ. ರೇಡಿಯೇಟರ್ ಮೂಗಿನ ತುದಿಯಲ್ಲಿ, ಎಂಜಿನ್ ಎಷ್ಟೋ ಹಿಂದೆ. ಕರೆಂಟಿನ ಫ್ಯಾನೇ ಗತಿ. ಅದೇ ಒಳ್ಳೆಯದು ಕೂಡ: ಎಂಜಿನ್ ಐಡಲ್‌ನಲ್ಲಿದ್ದರೂ ಅದು ಪೂರಾ ವೇಗದಲ್ಲಿ ತಿರುಗುತ್ತದೆ.

ಮೊದಲು ಜಾಗ ಅಳೆದೆವು. ರೇಡಿಯೇಟರ್ ಕೋರಿನ (ಗಾಳಿ ಹಾಯುವ ಜಾಲರಿ ಭಾಗದ) ಎತ್ತರ 32 ಸೆಂಟಿಮೀಟರ್. ಅದರ ಬೆನ್ನಿನಿಂದ ಸ್ಟೀರಿಂಗ್ ರ‍್ಯಾಕಿಗೆ 85 ಮಿಲಿಮೀಟರ್. ಗೆಳೆಯ 12 ಇಂಚಿನದೇ ಹಾಕೋಣ ಅನ್ನುತ್ತಿದ್ದ. ಇಂಚಿನ ಲೆಕ್ಕ ರೆಕ್ಕೆಯದ್ದು, ಹೊರಗಿನ ಚೌಕಟ್ಟು ಅದಕ್ಕಿಂತ ದೊಡ್ಡದು. ರಟ್ಟಿನಲ್ಲಿ 12 ಇಂಚು, 10 ಇಂಚು ಎರಡೂ ಅಳತೆಯ ಚೌಕಟ್ಟು ಕತ್ತರಿಸಿ ಹಿಡಿದು ನೋಡಿದೆವು. 12ರದ್ದು ಕೋರಿನ ಅಂಚು ದಾಟಿ ಮೇಲಿನ ಚಾಸಿಸ್ ಕೊಳವೆಗೆ ತಾಗಿತು. 10ರದ್ದು ಸರಿಯಾಗಿ ಕೂತಿತು.

"ಹಾಗಾದ್ರೆ ಮುಂದೆ ಹಾಕುವ ಮಾರಾಯ, ಅಲ್ಲಿ ಜಾಗ ಉಂಟಲ್ಲ" ಅಂದ. ಅವನು ಪುತ್ತೂರಿನವನು. ರೇಡಿಯೇಟರಿನ ಮುಂದೆ ಕೂತು ಗಾಳಿ ತಳ್ಳುವ ಫ್ಯಾನ್‌ಗಳೂ ಸಿಗುತ್ತವೆ, ನಿಜ. ಆದರೆ ಕಾರು ಓಡುವಾಗ ಮೋಟಾರು, ಚೌಕಟ್ಟು ಎರಡೂ ಬರುವ ಗಾಳಿಗೆ ಅಡ್ಡ. ಹಿಂದೆ ಕೂತು ಎಳೆಯುವ ಫ್ಯಾನಿಗೆ ಜಾಗವಿದ್ದರೆ ಅದನ್ನೇ ಹಾಕಬೇಕು. ಹೆದ್ದಾರಿಯಲ್ಲಿ ಎದುರುಗಾಳಿಯೇ ರೇಡಿಯೇಟರನ್ನು ನೋಡಿಕೊಳ್ಳುತ್ತದೆ. ಫ್ಯಾನ್ ಬೇಕಾಗುವುದು ಸಿಗ್ನಲ್‌ನಲ್ಲಿ, ಟ್ರಾಫಿಕ್ಕಿನಲ್ಲಿ.

ಇನ್ನು ಗಾಳಿಯ ಲೆಕ್ಕ. ಫ್ಯಾನ್ ಮಾರುವವರು ನಿಮಿಷಕ್ಕೆ ಇಷ್ಟು ಘನ ಅಡಿ ಅಂತ ದಪ್ಪ ಅಕ್ಷರದಲ್ಲಿ ಹಾಕಿರುತ್ತಾರೆ. ಅದು ಎದುರಿಗೆ ಏನೂ ಅಡ್ಡ ಇಲ್ಲದಾಗಿನ ಲೆಕ್ಕ. ರೇಡಿಯೇಟರಿನ ತೆಳು ತಗಡಿನ ಒತ್ತೊತ್ತಾದ ಫಿನ್‌ಗಳ ಮೂಲಕ ಎಳೆಯುವಾಗ ಅಷ್ಟು ಬರುವುದಿಲ್ಲ. ಇಟಲಿಯ ಸ್ಪಾಲ್‌ನಂಥ ಕಂಪನಿಗಳು ಒತ್ತಡ ಏರಿದ ಹಾಗೆ ಗಾಳಿ ಎಷ್ಟು ಇಳಿಯುತ್ತದೆ ಅಂತ ಗ್ರಾಫ್ ಕೊಡುತ್ತವೆ. ಆ ಗ್ರಾಫ್ ಇಲ್ಲದ ಅಗ್ಗದ ಫ್ಯಾನನ್ನು ನಾನು ಕೊಳ್ಳುವುದಿಲ್ಲ, ನಂಬರ್ ಎಷ್ಟೇ ದೊಡ್ಡದಿರಲಿ. 50 ಮಿಲಿಮೀಟರ್ ಆಸುಪಾಸು ದಪ್ಪದ 10 ಇಂಚಿನ ತೆಳು ಫ್ಯಾನನ್ನೇ ಆರಿಸಿದೆವು.

10 ಇಂಚು ಸಾಕಾಗುತ್ತದೋ ಅನ್ನುವ ಚಿಂತೆಗೆ ಉತ್ತರ ಶ್ರೌಡ್, ಅಂದರೆ ಕೋರಿಗೂ ಫ್ಯಾನಿಗೂ ನಡುವಿನ ಕವಚ. ಫ್ಯಾನನ್ನು ಕೋರಿಗೆ ಅಂಟಿಸಿದ ಹಾಗೆ ಇಟ್ಟರೆ ರೆಕ್ಕೆಯ ಎದುರಿನ ವೃತ್ತದಲ್ಲಿ ಮಾತ್ರ ಗಾಳಿ ಜೋರಾಗಿ ಹಾಯುತ್ತದೆ, ಮೂಲೆಗಳು ಸುಮ್ನೆ ಬಿಸಿಯಾಗಿ ಕೂತಿರುತ್ತವೆ. ಅಲ್ಯೂಮಿನಿಯಂ ತಗಡು ಬಗ್ಗಿಸಿ, ಇಡೀ ಕೋರನ್ನು ಮುಚ್ಚುವ ಆಳ ಕಡಿಮೆಯ ಪೆಟ್ಟಿಗೆ ಮಾಡಿ, ನಡುವಿನ ತೂತಿಗೆ ಫ್ಯಾನ್ ಕೂರಿಸಿದೆವು. ಮೂಲೆಗಳಲ್ಲಿ ಚಿಕ್ಕ ಕಿಂಡಿ ಕೊರೆದು ರಬ್ಬರ್ ರೆಪ್ಪೆ ಹಚ್ಚಿದೆವು. ವೇಗದಲ್ಲಿ ಎದುರುಗಾಳಿ ಅದನ್ನು ತಳ್ಳಿಕೊಂಡು ಆಚೆ ಹೋಗುತ್ತದೆ, ನಿಂತಾಗ ಫ್ಯಾನಿನ ಎಳೆತಕ್ಕೆ ಅದೇ ಮುಚ್ಚಿಕೊಳ್ಳುತ್ತದೆ.

ಫ್ಯಾನ್ ಜೊತೆ ಬಂದ ಪ್ಲಾಸ್ಟಿಕ್ ಕಡ್ಡಿಗಳನ್ನು ಬಳಸಲಿಲ್ಲ. ಅವನ್ನು ಫಿನ್‌ಗಳ ನಡುವೆ ತೂರಿಸಿ ಬಿಗಿಯಬೇಕು. ಕಾರಿನ ಅದುರಾಟಕ್ಕೆ ಉಜ್ಜಿ ಉಜ್ಜಿ ನೀರಿನ ಕೊಳವೆಯೇ ತೂತಾಗಬಹುದು. ನಾಲ್ಕು ಬ್ರಾಕೆಟ್ ಮಾಡಿ ರೇಡಿಯೇಟರಿನ ಚೌಕಟ್ಟಿಗೇ ಬೋಲ್ಟ್ ಹಾಕಿದೆವು.

ವೈರಿಂಗ್ ಬೇಗ ಮುಗಿಯಿತು. ತಿರುಗುವಾಗ ಈ ಫ್ಯಾನ್ ಎಳೆಯುವುದು 10 ಆಂಪಿಯರ್ ಒಳಗೆ. ಶುರುವಾಗುವ ಗಳಿಗೆಯಲ್ಲಿ ಅದರ ಹಲವು ಪಟ್ಟು. ಅದಕ್ಕೇ 20 ಆಂಪಿಯರ್ ಫ್ಯೂಸ್, ತಕ್ಕ ದಪ್ಪದ ವೈರು, ಪ್ರತ್ಯೇಕ ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟು ಹತ್ತಿಸುವ ಸ್ವಿಚ್. ಪೋಲೋ ರೇಡಿಯೇಟರಿನಲ್ಲೇ ಥರ್ಮೋ ಸ್ವಿಚ್ಚಿಗೆ ಜಾಗ ಇದೆ. 92 ಡಿಗ್ರಿಗೆ ಹತ್ತಿ 87ಕ್ಕೆ ಆರುವ ಸ್ವಿಚ್ ಹಾಕಿದೆವು. ಡ್ಯಾಶ್‌ಬೋರ್ಡಿನಲ್ಲಿ ಕೈಯಿಂದ ಒತ್ತುವ ಇನ್ನೊಂದು ಸ್ವಿಚ್ಚೂ ಇದೆ.

ಮೊದಲ ಸಲ ಹಾಕಿದಾಗ ಗೆಳೆಯ ರೇಡಿಯೇಟರಿನ ಮುಂದೆ ಒಂದು ಕಾಗದ ಹಿಡಿದ. ಪ್ಲಸ್ ಮೈನಸ್ ಅದಲು ಬದಲಾದರೆ ಫ್ಯಾನ್ ಉಲ್ಟಾ ತಿರುಗಿ ಗಾಳಿ ಮುಂದಕ್ಕೆ ದೂಡುತ್ತದೆ, ಅದನ್ನು ನೋಡಲಿಕ್ಕೆ. ಕಾಗದ ಫಟ್ಟಂತ ಕೋರಿಗೆ ಅಂಟಿಕೊಂಡಿತು. ಮೂಲೆಗೆ ಸರಿಸಿದ, ಅಲ್ಲೂ ಹಿಡಿದುಕೊಂಡಿತು. ಶ್ರೌಡಿಗೆ ಪಟ್ಟ ಶ್ರಮಕ್ಕೆ ಅಷ್ಟು ಸಾಕಿತ್ತು.

ಆಮೇಲೆ ಎಂಜಿನ್ ಶುರು ಮಾಡಿ ಇಬ್ಬರೂ ಗೇಜಿನ ಮುಳ್ಳು ನೋಡುತ್ತಾ ಕೂತೆವು. ಮುಳ್ಳು 90 ದಾಟಿತು, ರಿಲೇ ಟಕ್ ಅಂದಿತು, ಫ್ಯಾನ್ ಗುಂಯ್ ಅಂತ ಎದ್ದಿತು. ಸ್ವಲ್ಪ ಹೊತ್ತಿಗೆ ಮುಳ್ಳು ಇಳಿದು ಫ್ಯಾನ್ ನಿಂತಿತು. ಮತ್ತೆ ಹತ್ತಿತು, ಮತ್ತೆ ಆರಿತು. ಗೆಳೆಯ ನನ್ನ ಭುಜಕ್ಕೆ ಒಂದು ಏಟು ಕೊಟ್ಟ.

ಮೂಗಿನ ಕವಚಕ್ಕೂ ರೇಡಿಯೇಟರಿಗೂ ನಡುವೆ ಇನ್ನೂ ಸಂದು ಇದೆ. ಗಾಳಿ ಸುಲಭದ ದಾರಿ ಹಿಡಿದು ಅಲ್ಲೇ ನುಸುಳಿಬಿಡುತ್ತದೆ. ಮುಂದಿನ ವಾರ ಅಲ್ಲಿ ಫೋಮ್ ಪಟ್ಟಿ ಅಂಟಿಸಬೇಕು. ಅದಾದ ಮೇಲೆ ರಸ್ತೆಗೆ ಇಳಿಸಲು ಬೇಕಾದ ಐವಿಎ ಪರೀಕ್ಷೆಗೆ ದಿನ ಗೊತ್ತುಮಾಡಬೇಕು. ಅಲ್ಲಿ ಹೊಗೆ ಅಳೆಯುವಾಗ ಎಂಜಿನ್ ಪೂರಾ ಬಿಸಿಯಾಗಿರಬೇಕು, ಕಾರು ಮಾತ್ರ ನಿಂತೇ ಇರುತ್ತದೆ.