“ಜನರ ಸಹಿ ಹೇಗೆ ಹಾಕಿಸ್ತೀರಿ?” ಅಂತ ಕೇಳುವವರಿಗೆ

ಮದುವೆ ಮನೆ ಇರ್ಲಿ, ಕಾಸರಗೋಡು ಜಿಲ್ಲೆಯ ಬದಿಯಡ್ಕ ಬಸ್‌ಸ್ಟ್ಯಾಂಡ್ ಇರ್ಲಿ, ನಾನು ಆರೋಗ್ಯದ ಸ್ಟಡಿಗಳಲ್ಲಿ ಫೀಲ್ಡ್ ಕೋಆರ್ಡಿನೇಟರ್ ಆಗಿದ್ದವಳು ಅಂತ ಗೊತ್ತಾದ ಕೂಡ್ಲೆ ಒಂದು ಪ್ರಶ್ನೆ ಬಂದೇ ಬರ್ತದೆ. “ಅಲ್ಲ ಅಕ್ಕ, ಎಂಡೋಸಲ್ಫಾನ್ ಬಿದ್ದ ಊರಲ್ಲಿ ಜನ ನಿಮ್ಮನ್ನು ನಂಬಿ ರಕ್ತ ಕೊಟ್ಟು ಒಪ್ಪಿಗೆ ಪತ್ರಕ್ಕೆ ಸಹಿ ಹಾಕುದು ಹೇಗೆ ಮಾರಾಯ್ರೆ?” ಇತ್ತೀಚೆಗೆ ಎರಡನೇದೊಂದು ಸೇರಿದೆ, ಆಫೀಸಲ್ಲಿ ನಾಲ್ಕು ಜನರ ಮೇಲೆ ಹೆಡ್ ಆಗಿ ಕೂತವರು ಕೇಳುದು, “ನಿಮ್ಮ ಟೀಮಿನವರು ತಪ್ಪು ಮಾಡಿದ್ರೂ ಬಂದು ನಿಮ್ಮತ್ರ ಹೇಳ್ತಾರಂತೆ, ಅದು ಹೇಗೆ?” ಎರಡಕ್ಕೂ ನನ್ನ ಹತ್ರ ಇರುದು ಒಂದೇ ಉತ್ತರ, ಅದೂ ನಾನು ಜಾಣತನದಿಂದ ಕಲ್ತದ್ದಲ್ಲ, ಪೆಟ್ಟು ತಿಂದು ಕಲ್ತದ್ದು.

ಮೊದಲು ಒಂದು ವಿಷಯ ಹೇಳಿಬಿಡ್ತೇನೆ. ಸಹಿ ಹಾಕಿಸುದು ಇಲ್ಲಿ ಕಷ್ಟವೇ ಅಲ್ಲ. ಜನ ಬೇಗ ಹಾಕಿಬಿಡ್ತಾರೆ, ಅದೇ ತಲೆಬಿಸಿ.

ಯಾಕೆ ಅಂತ ಹೊರಗಿನವರಿಗೆ ಅರ್ಥ ಆಗ್ಬೇಕಾದ್ರೆ ಸ್ವಲ್ಪ ಹಿಂದೆ ಹೋಗ್ಬೇಕು. ಇಲ್ಲಿಯ ಸರ್ಕಾರಿ ಪ್ಲಾಂಟೇಶನ್ ಕಾರ್ಪೊರೇಷನಿನ ಗೇರು ತೋಟಗಳಿಗೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಲ್ಲಿ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಮದ್ದು ಬಿಟ್ಟದ್ದು ನಿಮ್ಗೆ ಗೊತ್ತುಂಟು. ಬಾವಿ ಮುಚ್ಚಿ ಅಂತ ಹೇಳ್ತಿದ್ರಂತೆ, ಅಷ್ಟೆ, ನಿಮ್ಗೆ ಅಡ್ಡಿ ಇಲ್ವಾ ಅಂತ ಎಣ್ಮಕಜೆಯಲ್ಲಿ, ಮುಳಿಯಾರಲ್ಲಿ, ಪೆರಿಯದಲ್ಲಿ ಯಾರೂ ಯಾರತ್ರವೂ ಕೇಳಿದ್ದಿಲ್ಲ. (ಅದು ಸಂಶೋಧನೆ ಅಲ್ಲ, ಕೃಷಿ ಅಂತ ನೀವು ಹೇಳ್ಬಹುದು, ಸರಿಯೇ, ಆದ್ರೆ ಮೈಗೆ ಬಿದ್ದವರಿಗೆ ಆ ವ್ಯತ್ಯಾಸ ಎಂತ ಉಪಯೋಗ.) ಆಮೇಲೆ, ಮದ್ದಿಂದ ಕಾಯಿಲೆ ಆಯ್ತು ಅನ್ನುವ ಕೂಗೆದ್ದ ಮೇಲೆ, ರಕ್ತ, ನೀರು, ಮಣ್ಣು ಕೇಳಿಕೊಂಡು ಒಬ್ಬರ ಹಿಂದೆ ಒಬ್ಬರು ಬಂದ್ರು. 2011ರಲ್ಲಿ ಸುಪ್ರೀಂ ಕೋರ್ಟ್ ಆ ಮದ್ದನ್ನೇ ನಿಲ್ಲಿಸಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ಮೂರು ತಿಂಗಳೊಳಗೆ ತಲಾ 5 ಲಕ್ಷ ಕೊಡಿ ಅಂತ ಆದೇಶ ಆಯ್ತು. ಸಂತ್ರಸ್ತರು ಯಾರು? ಸರ್ಕಾರದ ಲಿಸ್ಟಲ್ಲಿ ಹೆಸರಿದ್ದವರು. ಲಿಸ್ಟಿಗೆ ಹೆಸರು ಹೋಗುದು ಎಲ್ಲಿಂದ? ಮೆಡಿಕಲ್ ಕ್ಯಾಂಪಿಂದ. ಹಾಗಾಗಿ ಕುತ್ತಿಗೆಗೆ ಐಡಿ ಕಾರ್ಡು, ಕೈಯಲ್ಲಿ ಫೈಲು, ಜೊತೆಗೊಬ್ಬ ರಕ್ತ ತೆಗೆಯುವವ ಅಂಗಳಕ್ಕೆ ಬಂದ್ರೆ ನಮ್ಮವರಿಗೆ ಕಾಣುದು ಒಂದೇ, ಲಿಸ್ಟಿನವರು ಬಂದ್ರು. ನಮ್ಮದಾದ್ರೋ ಬೀಪಿ, ಶುಗರು, ಕಿಡ್ನಿಯ ಸ್ಟಡಿ. ಲಿಸ್ಟಿಗೂ ನಮಗೂ ಯಾವ ಸಂಬಂಧವೂ ಇಲ್ಲ. ಅದನ್ನು ಫಾರ್ಮಿನ ಆರನೇ ಪುಟದಲ್ಲಿ ಬರೆದೂ ಇತ್ತು.

ಫಾರ್ಮಿನ ಕಥೆ ಬೇರೆ. ಕನ್ನಡದ್ದು ಅಂತ ನಮಗೆ ಕೊಟ್ಟದ್ದು ಮಲಯಾಳದಿಂದ ಯಾರೋ ಅಕ್ಷರ ಬದಲಿಸಿ ಬರೆದ ಹಾಗಿತ್ತು. “ಈ ಪಠನದಲ್ಲಿ ಭಾಗವಹಿಸಲು ನನಗೆ ಸಮ್ಮತ.” ಮಲಯಾಳದಲ್ಲಿ ಪಠನ ಅಂದ್ರೆ ಅಧ್ಯಯನ, ನಮ್ಮಲ್ಲಿ ಪಠನ ಅಂದ್ರೆ ಗೊತ್ತಲ್ಲ. ಮುಳ್ಳೇರಿಯ ಹತ್ರ ಒಂದು ಮನೆಯಲ್ಲಿ ಇದನ್ನು ಜೋರಾಗಿ ಓದಿದಾಗ ಅಲ್ಲಿಯ ಅಜ್ಜ ಎದ್ದು ಕೂತು, “ಯಾವ ಪಾರಾಯಣ? ನನಗೀಗ ಗಂಟಲು ಬರುದಿಲ್ಲ, ಮಗನನ್ನು ಕಳಿಸ್ತೇನೆ” ಅಂದ್ರು. ನಾವು ನಕ್ಕೆವು, ಆಮೇಲೆ ನಗು ಬರ್ಲಿಲ್ಲ, ಯಾಕಂದ್ರೆ ಅಷ್ಟರೊಳಗೆ ಅದೇ ಫಾರ್ಮಿಗೆ ನೂರರ ಮೇಲೆ ಜನ ಸಹಿ ಹಾಕಿ ಆಗಿತ್ತು, ಅವರಲ್ಲಿ ಎಷ್ಟು ಜನ ಪಾರಾಯಣಕ್ಕೆ ಒಪ್ಪಿದ್ರೋ. ಮಲಯಾಳದ ಅಪೇಕ್ಷೆ ಅಂದ್ರೆ ಅರ್ಜಿ ಅಂತ ಪಂಚಾಯತ್ ಆಫೀಸಲ್ಲಿ ನಾವು ಒಗ್ಗಿಕೊಂಡವರು, ಗಡಿನಾಡಲ್ಲಿ ಅದೆಲ್ಲ ಇದ್ದದ್ದೇ, ಆದ್ರೆ ಪಂಚಾಯತ್ ಅರ್ಜಿ ತಪ್ಪಿದ್ರೆ ತಿರುಗಿ ಬರ್ತದೆ, ತೆಗೆದ ರಕ್ತ ಬರುದಿಲ್ಲ.

ಈಗ ಪೆಟ್ಟು ತಿಂದದ್ದು ಎಲ್ಲಿ ಅಂತ ಹೇಳ್ತೇನೆ.

ಕಾಸರಗೋಡಲ್ಲಿ ನಮ್ಮ ಬಾಡಿಗೆ ರೂಮಿನ ಗೋಡೆಗೆ ನಾನೊಂದು ಬಿಳಿ ಬೋರ್ಡ್ ಹಾಕಿಸಿದ್ದೆ. ಟೀಮಿನ ಆರು ಜನರ ಹೆಸರು, ಎದುರಿಗೆ ಆ ವಾರ ಆದ ಮನೆ ಎಷ್ಟು, ಸಹಿ ಎಷ್ಟು. ನನ್ನದೇ ಐಡಿಯ, ಭಾರೀ ಹೆಮ್ಮೆ ಇತ್ತು. ಪೆರ್ಲ ಕಡೆಯ ಒಬ್ಬಳು ಹುಡುಗಿ ಇದ್ಲು, ಅವಳದ್ದು 31 ಮನೆ, 31 ಸಹಿ. ಬೇರೆಯವರದ್ದು ಇಪ್ಪತ್ತು, ಹತ್ತೊಂಬತ್ತು, ಅದರಲ್ಲೂ ಮೂರ್ನಾಲ್ಕು ಜನ ಬೇಡ ಅಂದದ್ದು. ಇವಳಿಗೆ ತುಳು, ಮಲಯಾಳ, ಹವ್ಯಕ, ಬ್ಯಾರಿ ಎಲ್ಲ ಬರ್ತದೆ, ಹೋದ ಮನೆಯಲ್ಲೆಲ್ಲ ಬೆಲ್ಲ ನೀರು ಕುಡ್ದು, ಮಗುವನ್ನೆತ್ತಿ, ಅಡಿಕೆ ಸುಲಿಲಿಕ್ಕೂ ಕೂತು ಬರುವವಳು. ಶನಿವಾರದ ಮೀಟಿಂಗಲ್ಲಿ ಎಲ್ಲರೆದುರು ನಾನು ಹೊಗಳಿದೆ. ಬಾಕಿ ಐದು ಜನರತ್ರ “ಇವಳನ್ನು ನೋಡಿ ಕಲೀರಿ” ಅಂತಲೂ ಅಂದೆ, ಈಗ ನೆನಪಾದ್ರೆ ನಾಚಿಕೆ ಆಗ್ತದೆ.

ಹತ್ತು ಮನೆಗೆ ಒಂದರ ಹಾಗೆ ಸೂಪರ್‌ವೈಸರ್ ತಿರುಗಿ ಹೋಗಿ ಮಾತಾಡ್ಬೇಕು ಅಂತ ನಮ್ಮ ಸ್ಟಡಿಯಲ್ಲಿ ಒಂದು ನಿಯಮ ಇತ್ತು. ಅವಳ ಮನೆಗಳಲ್ಲಿ ಒಂದಕ್ಕೆ ನಾನು ಹೋದೆ. ಗುಡ್ಡೆಯ ಬದಿಯಲ್ಲಿ ಹಂಚಿನ ಮನೆ, ಜಗಲಿಯಲ್ಲಿ ಒಬ್ಬರು ಅಜ್ಜಿ, ಮಡಿಲಲ್ಲಿ ಗೆರಸೆ, ಬೀಡಿ ಕಟ್ತಾ ಇದ್ರು. ಮಾತಾಡುವಾಗಲೂ ಬೆರಳು ನಿಲ್ಲುದಿಲ್ಲ, ಎಲೆ, ಹುಡಿ, ಸುರುಳಿ, ನೂಲು, ತುದಿ ಮಡಚಿ ಒಳಗೆ ಒತ್ತುದು. “ಅಜ್ಜಿ, ಆ ದಿನ ಎಂತಕ್ಕೆ ಹೆಬ್ಬೆಟ್ಟು ಒತ್ತಿದ್ದು, ನೆನಪುಂಟಾ?” ಅಂತ ಕೇಳಿದೆ. ಗೆರಸೆ ಬದಿಗಿಟ್ಟು ಒಳಗೆ ಹೋಗಿ ಒಂದು ಪ್ಲಾಸ್ಟಿಕ್ ಕವರ್ ತಂದ್ರು. ರೇಷನ್ ಕಾರ್ಡು, ಆಧಾರು, ಯಾವುದೋ ಹಳೇ ಕ್ಯಾಂಪಿನ ಚೀಟಿ, ಅದರೊಟ್ಟಿಗೆ ನಮ್ಮ ಒಪ್ಪಿಗೆ ಪತ್ರದ ಕಾಪಿ, ನಾಲ್ಕು ಮಡಿಕೆ ಮಾಡಿ. “ಇದೇ ಅಲ್ವಾ ಮಗಾ? ಜೋಪಾನ ಮಾಡಿದ್ದೇನೆ. ಈ ಸಲ ಆದ್ರೂ ಲಿಸ್ಟಲ್ಲಿ ಬರ್ತದಾ?”

ಆ ಹುಡುಗಿಯನ್ನು ಸಾಯಂಕಾಲ ರೂಮಿಗೆ ಕರೆದು ನಾನು ಜೋರು ಮಾಡಿದೆ, ಸುಳ್ಳು ಹೇಳುದಿಲ್ಲ, ಚೆನ್ನಾಗಿಯೇ ಜೋರು ಮಾಡಿದೆ. ಅವಳು ಅಳ್ಲಿಲ್ಲ. “ನಾನು ಲಿಸ್ಟ್ ಅಂತ ಹೇಳ್ಲಿಲ್ಲ ಅಕ್ಕ. ಅವರೇ ಹಾಗೆ ತಿಳ್ಕೊಂಡ್ರು. ನಾನು ತಿದ್ಲಿಲ್ಲ” ಅಂದ್ಲು. ಸ್ವಲ್ಪ ಹೊತ್ತು ಬಿಟ್ಟು, “ತಿದ್ದಿದ್ರೆ ಬೋರ್ಡಲ್ಲಿ ಎಂತ ಬರೀಬೇಕಿತ್ತು?” ಅಂತ ಕೇಳಿದ್ಲು. ನನ್ನ ಹತ್ರ ಉತ್ತರ ಇರ್ಲಿಲ್ಲ.

ಇಲ್ಲಿ ಅಮೆರಿಕದ ಒಂದು ಕಥೆ ಹೇಳ್ಲೇಬೇಕು, ಟ್ರೈನಿಂಗಲ್ಲಿ ಎಲ್ಲರಿಗೂ ಹೇಳುವಂಥದ್ದೇ, ಆದ್ರೆ ಅದರ ಒಂದು ತುಂಡನ್ನು ಹೆಚ್ಚಿನವರು ಬಿಟ್ಟುಬಿಡ್ತಾರೆ. ಅಲಬಾಮದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಸುಮಾರು 600 ಜನ ಕಪ್ಪು ಗಂಡಸರ ಮೇಲೆ ಸರ್ಕಾರಿ ಆರೋಗ್ಯ ಇಲಾಖೆಯೇ ಸಿಫಿಲಿಸ್ ಅನ್ನುವ ಲೈಂಗಿಕ ಕಾಯಿಲೆಯ ಸ್ಟಡಿ ಮಾಡಿತು, 399 ಜನರಿಗೆ ಕಾಯಿಲೆ ಇತ್ತು, ಅವರಿಗೆ ಇರುವ ಕಾಯಿಲೆ ಎಂತದ್ದು ಅಂತ ಹೇಳ್ಲಿಲ್ಲ, “ಕೆಟ್ಟ ರಕ್ತ” ಅಂದ್ರು, ಅದಕ್ಕೆ ಪೆನ್ಸಿಲಿನ್ ಮದ್ದು ಬಂದ ಮೇಲೂ ಕೊಡ್ಲಿಲ್ಲ. ಇಷ್ಟು ಎಲ್ಲರೂ ಹೇಳ್ತಾರೆ. ಬಿಡುದು ಯಾವುದು ಅಂದ್ರೆ, ಇಷ್ಟು ವರ್ಷ ಆ ಗಂಡಸರು ಬಿಟ್ಟು ಹೋಗದೆ ಉಳಿದದ್ದು ಹೇಗೆ ಅಂತ. ಯೂನಿಸ್ ರಿವರ್ಸ್ ಅಂತ ಒಬ್ಬರು ನರ್ಸ್, ಅವರೂ ಕಪ್ಪು ಹೆಂಗಸೇ, ಕಾರಲ್ಲಿ ಕೂರಿಸಿ ಕರ್ಕೊಂಡು ಹೋಗ್ತಿದ್ರು, ಮನೆ ಮಂದಿಯ ಸುಖದುಃಖ ಕೇಳ್ತಿದ್ರು, ಸತ್ತ ಮೇಲೆ ಹೆಣ ಕೊಯ್ಲಿಕ್ಕೆ ಒಪ್ಪಿದ್ರೆ ಮಣ್ಣು ಮಾಡುವ ಖರ್ಚು ಕೊಡ್ತೇವೆ ಅಂತ ಮನೆಯವರನ್ನು ಒಪ್ಪಿಸ್ತಿದ್ರು. ಆ ಜನರಿಗೆ ನಂಬಿಕೆ ಇದ್ದದ್ದು ಡಾಕ್ಟರ ಮೇಲಲ್ಲ, ಆ ನರ್ಸಿನ ಮೇಲೆ. ನಂಬಿಕೆ ಗಳಿಸಿದ್ರೆ ಎಲ್ಲ ಆಯ್ತು ಅಂತ ಭಾಷಣ ಮಾಡುವವರನ್ನು ಕಂಡ್ರೆ ನನಗೆ ಅವರ ನೆನಪಾಗುದು. ನಮ್ಮ ಪೆರ್ಲದ ಹುಡುಗಿಯನ್ನು ಜನ ನಂಬಿದ್ದು ನಿಜವೇ, ಅದಕ್ಕೇ ಅವರು ಎಂತ ಅಂತ ಕೇಳದೆ ಒತ್ತಿದ್ದು. ನಾನು ಅವಳನ್ನು ನಂಬಿದ್ದೂ ಹಾಗೆಯೇ, ಕೇಳದೆ.

ರಾತ್ರಿ ನಿದ್ರೆ ಬರ್ಲಿಲ್ಲ. ಮುಚ್ಚಿ ಹಾಕ್ಬಹುದಿತ್ತು, ಕಾಗದದಲ್ಲಿ ಎಲ್ಲ ಸರಿ ಇತ್ತು, ಹೆಬ್ಬೆಟ್ಟು ಉಂಟು, ಸಾಕ್ಷಿಯ ಸಹಿ ಉಂಟು, ತಾರೀಕು ಉಂಟು. ಬೆಳಿಗ್ಗೆ ಸ್ಟಡಿಯ ದೊಡ್ಡ ಡಾಕ್ಟ್ರಿಗೆ ಫೋನ್ ಮಾಡಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಎಲ್ಲ ಬರೆದು ಎಥಿಕ್ಸ್ ಕಮಿಟಿಗೆ ಕೊಡುವ” ಅಂದ್ರು. ಸ್ಟಡಿಯಲ್ಲಿ ಜನರಿಗೆ ಅನ್ಯಾಯ ಆಗದ ಹಾಗೆ ನೋಡುವ ಈ ಕಮಿಟಿ ಅಂದ್ರೆ ಬರೀ ಡಾಕ್ಟ್ರುಗಳಲ್ಲ, ಕಾನೂನು ಗೊತ್ತಿರುವವರೊಬ್ಬರು, ಈ ಫೀಲ್ಡಿಗೇ ಸಂಬಂಧ ಇಲ್ಲದ ಸಾಮಾನ್ಯ ಮನುಷ್ಯ ಒಬ್ಬರು ಕೂಡ ಅದರಲ್ಲಿ ಇರ್ಬೇಕು ಅಂತ ಐಸಿಎಂಆರಿನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ) 2017ರ ಮಾರ್ಗಸೂಚಿ ಹೇಳ್ತದೆ. ನಾನು ಬರೆದ ಪತ್ರದಲ್ಲಿ ಹುಡುಗಿಯ ಹೆಸರಿಗಿಂತ ಮೊದಲು ಬೋರ್ಡಿನ ವಿಷಯ ಬರೆದೆ, ಹಾಕಿಸಿದ್ದು ನಾನು ಅಂತಲೂ ಬರೆದೆ. ಕಳಿಸುವ ಮೊದಲು ಆರು ಜನರಿಗೂ ಓದಿ ಹೇಳಿದೆ. ದೊಡ್ಡ ಮನಸ್ಸಿಂದ ಮಾಡಿದ್ದಲ್ಲ ಆಯ್ತಾ, ತಮ್ಮ ಬೆನ್ನ ಹಿಂದೆ ಎಂತ ಬರೆದ್ರೋ ಅಂತ ಅವರು ಹೆದರ್ಬಾರ್ದು ಅಂತ, ಅಷ್ಟೆ.

ಓದಿ ಮುಗಿಸಿ ಹತ್ತು ನಿಮಿಷ ಆಗಿರ್ಲಿಕ್ಕಿಲ್ಲ, ಇನ್ನೊಬ್ಬ ಬಾಯಿ ಬಿಟ್ಟ. ಎರಡು ಮನೆಯಲ್ಲಿ ಗಂಡನೇ ಹೆಂಡತಿಯ ಸಹಿಯನ್ನೂ ಹಾಕಿದ್ದ, ಇವ ಸುಮ್ಮನಿದ್ದ. ಮತ್ತೊಬ್ಬಳು ಫಾರ್ಮಿನ ಎಂಟು ಪುಟ ಓದುದೇ ಇಲ್ಲ, ಮೊದಲ ಪುಟ ಓದಿ ಕೊನೆಯ ಪುಟ ತೆಗೀತಾಳೆ. ತಿಂಗಳುಗಟ್ಟಲೆ ಶನಿವಾರ ಶನಿವಾರ ಮೀಟಿಂಗ್ ಮಾಡಿ ನನಗೆ ಗೊತ್ತಾಗದ್ದು ಆ ಒಂದು ಸಂಜೆಯಲ್ಲಿ ಗೊತ್ತಾಯ್ತು. ಎರಡನೇ ಪ್ರಶ್ನೆ ಕೇಳುವವರಿಗೆ ನಾನು ಹೇಳುದು ಇಷ್ಟೇ, ನಿಮ್ಮೆದುರು “ಆಗ್ಲಿಲ್ಲ” ಅಂತ ಹೇಳ್ಲಿಕ್ಕೆ ಹೆದರುವ ಹುಡುಗಿ ಹೊರಗೆ ಹೋಗಿ ಬೇರೆಯವರ ಬಾಯಿಂದ “ಬೇಡ” ಅನ್ನುದನ್ನು ಕೇಳಿಸಿಕೊಳ್ಳುದಿಲ್ಲ. ಅವಳಿಗೆ ಅದು ಬೇಕಾಗಿಲ್ಲ.

ಬೋರ್ಡ್ ಒರೆಸಿದೆವು. ಶನಿವಾರ ನಾನು ಮೊದಲು ಕೇಳುದು “ಈ ವಾರ ಯಾರು ಬೇಡ ಅಂದ್ರು, ಎಂತ ಹೇಳಿದ್ರು?” ಅಂತ. ಯಾರೂ ಬೇಡ ಅನ್ಲಿಲ್ಲ ಅಂತ ಯಾರಾದ್ರೂ ಹೇಳಿದ್ರೆ ಅವರ ಮನೆಗಳಿಗೇ ನಾನು ಮೊದಲು ಹೋಗುದು. ಎಂಟು ಪುಟ ಇರ್ಲಿ ಅಂತ ಬಿಟ್ಟು, ಬಾಯಲ್ಲಿ ಹೇಳ್ಲಿಕ್ಕೆ ಒಂದು ಪುಟ ಮಾಡಿದೆವು, ಕನ್ನಡ, ತುಳು, ಮಲಯಾಳ ಮೂರರಲ್ಲೂ. ಮೊದಲ ಸಾಲೇ “ಇದು ಲಿಸ್ಟಿಗೆ ಅಲ್ಲ.” ಅದಕ್ಕೂ ಕಮಿಟಿಯ ಒಪ್ಪಿಗೆ ಬೇಕು, ಅದು ಬರುವವರೆಗೆ ಕೆಲಸ ನಿಲ್ಲಿಸಿದ್ವಿ, ಫಂಡ್ ಕೊಟ್ಟವರಿಂದ ಮಾತೂ ಕೇಳಿದ್ವಿ. ಹೇಳಿಯಾದ ಮೇಲೆ ಒಂದೇ ಪ್ರಶ್ನೆ ಕೇಳುದು: “ನೀವು ಬೇಡ ಅಂದ್ರೆ ಎಂತಾಗ್ತದೆ?” ಪೆನ್ಷನ್ ನಿಲ್ತದೆ, ಆಸ್ಪತ್ರೆಯಲ್ಲಿ ಮದ್ದು ಕೊಡ್ಲಿಕ್ಕಿಲ್ಲ, ಪಂಚಾಯತ್ ಮೆಂಬರಿಗೆ ಬೇಜಾರಾಗ್ತದೆ, ಹೀಗೆ ಉತ್ತರ ಬಂದ್ರೆ ಪೆನ್ನು ಚೀಲದೊಳಗೆ, ಪುನಃ ಮೊದಲಿಂದ. “ಎಂತ ಆಗ್ಲಿಕ್ಕೆ, ನೀವು ಚಾ ಕುಡ್ದು ಹೋಗ್ತೀರಿ” ಅಂತ ಒಬ್ಬರು ಅಂದಿದ್ರು, ಅವರದ್ದು ನೂರಕ್ಕೆ ನೂರು.

ಒಬ್ಬರು ಹೆಡ್‌ಮಾಷ್ಟ್ರು, ಒಳ್ಳೆಯವರೇ, “ಮನೆ ಮನೆ ಯಾಕೆ ತಿರುಗ್ತೀರಿ, ನನ್ನ ಶಾಲೆಯ ಮಕ್ಕಳದ್ದು ನಾನೇ ಹಾಕಿಕೊಡ್ತೇನೆ” ಅಂದ್ರು. ಅವರಿಗೆ ಖಮ್ಮಂ ವಿಷಯ ಹೇಳಿದೆ. 2009ರಲ್ಲಿ ಆಗಿನ ಆಂಧ್ರದ ಖಮ್ಮಂ ಜಿಲ್ಲೆಯಲ್ಲಿ, ಆಮೇಲೆ ಗುಜರಾತಿನ ವಡೋದರದಲ್ಲಿ ಹುಡುಗಿಯರಿಗೆ ಎಚ್‌ಪಿವಿ (ಗರ್ಭಕೊರಳಿನ ಕ್ಯಾನ್ಸರ್ ತಡೆಯುವ) ಲಸಿಕೆಯ ಪ್ರಾಜೆಕ್ಟ್ ನಡೆದಾಗ ಎಷ್ಟೋ ಫಾರ್ಮುಗಳಿಗೆ ಅಪ್ಪ ಅಮ್ಮನ ಬದಲು ಹಾಸ್ಟೆಲ್ ವಾರ್ಡನ್ನು, ಹೆಡ್‌ಮಾಷ್ಟ್ರುಗಳೇ ಸಹಿ ಹಾಕಿದ್ರು. ಮುಂದೆ ಏಳು ಹುಡುಗಿಯರು ತೀರಿಕೊಂಡಾಗ, ತನಿಖೆಯಲ್ಲಿ ಸಾವಿಗೂ ಲಸಿಕೆಗೂ ಸಂಬಂಧ ಕಾಣ್ಲಿಲ್ಲ, ಆದ್ರೆ ಕೇಳದೆ ಚುಚ್ಚಿದ್ರು ಅನ್ನುವ ಮಾತು ಪಾರ್ಲಿಮೆಂಟ್ ಕಮಿಟಿಯವರೆಗೆ ಹೋಯ್ತು. ಮಾಷ್ಟ್ರು ಪೆನ್ನು ಕಿಸೆಗೆ ಹಾಕಿ, ಮನೆಗಳ ದಾರಿ ಹೇಳಿಕೊಟ್ರು.

ಬೇಡ ಅನ್ನುದು ಯಾವಾಗಲೂ ಜಗಲಿಯಲ್ಲಿ ಬರುದಿಲ್ಲ. ಒಂದು ಮನೆಯ ಸೊಸೆ ಅತ್ತೆಯ ಎದುರು ಎಲ್ಲದಕ್ಕೂ ತಲೆ ಆಡಿಸಿ, ಮತ್ತೆ ದಣಪೆಯವರೆಗೆ ನಮ್ಮ ಹಿಂದೆ ಬಂದು “ಅಕ್ಕ, ನನ್ನದು ಬರೀಬೇಡಿ” ಅಂತ ಪಿಸುಗುಟ್ಟಿದ್ಲು. ಬರೀಲಿಲ್ಲ. ಯಾಕೆ ಅಂತ ಕೇಳ್ಲೂ ಇಲ್ಲ, ಅದು ನಮಗೆ ಬೇಡದ್ದು.

ಪೆರ್ಲದ ಹುಡುಗಿ ಕೆಲಸ ಬಿಡ್ಲಿಲ್ಲ. ನಾವಿಬ್ಬರೂ ಆ 31 ಮನೆಗಳಿಗೆ ಪುನಃ ಹೋದೆವು, ಹೇಳುವ ಕೆಲಸ ಅವಳದ್ದೇ, ನಾನು ಬರೀ ಜೊತೆಗೆ. ಎಂಟು ಜನ ಹಿಂದೆ ಸರಿದ್ರು, ಅವರ ಸ್ಯಾಂಪಲ್ ಹಾಳು ಮಾಡಿಸಿದೆವು. ಕೊನೆಗೆ ಉಳಿದದ್ದು ಬೀಡಿ ಅಜ್ಜಿಯ ಮನೆ, ಬೇಕೆಂದೇ ಮುಂದೆ ಹಾಕಿಕೊಂಡು ಬಂದದ್ದು. ಅಜ್ಜಿ ಎಲ್ಲ ಕೇಳಿದ್ರು. “ಹಾಗಾದ್ರೆ ಲಿಸ್ಟಿಗೆ ಅಲ್ಲ.” ಅಲ್ಲ ಅಜ್ಜಿ. “ದುಡ್ಡೂ ಇಲ್ಲ.” ಇಲ್ಲ. “ಹಾಗಾದ್ರೆ ನನಗೆ ಬೇಡ ಮಗಾ” ಅಂದ್ರು, ಅಂದು ಹುಡುಗಿಯ ಮುಖ ನೋಡಿದ್ರು, ಬೈತಾಳಾ ಅಂತ. ಅವಳು “ಆಯ್ತಜ್ಜಿ” ಅಂತ ಹೇಳಿ ಫಾರ್ಮಲ್ಲಿ ಬರ್ಕೊಂಡ್ಲು. ಲಿಸ್ಟಿನ ಬಗ್ಗೆ ವಿಚಾರಿಸ್ಲಿಕ್ಕೆ ಯಾವ ಆಫೀಸಿಗೆ ಹೋಗ್ಬೇಕು ಅಂತ ಇನ್ನೊಂದು ಚೀಟಿಯಲ್ಲಿ ಬರೆದು ಕೊಟ್ಲು. ನಾವು ಬೆಲ್ಲ ನೀರು ಕುಡೀತಾ ಇದ್ದ ಹಾಗೆ ಅಜ್ಜಿ ಪ್ಲಾಸ್ಟಿಕ್ ಕವರ್ ತೆಗೆದು, ನಮ್ಮ ಹಳೇ ಕಾಪಿಯನ್ನು ಬಿಡಿಸಿ ನೋಡಿ, ಮಡಚಿದ ಗೆರೆಯಲ್ಲೇ ಪುನಃ ಮಡಚಿ, ಆ ಚೀಟಿಯೊಟ್ಟಿಗೆ ರೇಷನ್ ಕಾರ್ಡಿನ ಹಿಂದೆ ಇಟ್ರು. “ಅದು ಇನ್ನು ಬೇಡ ಅಜ್ಜಿ, ಬಿಸಾಡ್ಬಹುದು” ಅಂದೆ.

“ಇರ್ಲಿ. ಯಾವುದಕ್ಕಾದ್ರೂ ಬೇಕಾದೀತು” ಅಂದ್ರು.